ಮೊದಲು ಇಳಿಜಾರಿನ ಕೋನ, ಆಮೇಲೆ ಹಿಮದ ಪರೀಕ್ಷೆ

ಸ್ಕೀಯರ್‌ಗಳನ್ನು ಬಲಿ ತೆಗೆದುಕೊಳ್ಳುವ ಹಿಮಕುಸಿತ ಹೆಚ್ಚಿನ ಸಲ ಎಲ್ಲಿಂದಲೋ ಉರುಳಿಬಂದದ್ದಲ್ಲ. ಸಾವು ಸಂಭವಿಸಿದ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ ಅದನ್ನು ಬಿರಿಯುವಂತೆ ಮಾಡಿದ್ದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಗಾರರ ತೂಕ. ಇದು ಭಯ ಹುಟ್ಟಿಸುವ ಮಾತು ನಿಜ, ಆದರೆ ಇದರಲ್ಲೇ ಭರವಸೆಯೂ ಇದೆ: ಎಲ್ಲಿ ಕಾಲಿಡಬೇಕು ಎಂಬ ನಿರ್ಧಾರ ನಿಮ್ಮ ಕೈಯಲ್ಲೇ ಇದೆ.

ನಮ್ಮಲ್ಲಿ ಹಿಮ ಸುರಿಯುವುದಕ್ಕೂ ಹಿಮ ಜಾರುವುದಕ್ಕೂ ಹಿಮಪಾತ ಎಂದೇ ಬರೆಯುವ ರೂಢಿ ಬೆಳೆದಿದೆ. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ, ಅದರಲ್ಲೂ ಚಪ್ಪಡಿ ಕುಸಿತದ ಬಗ್ಗೆ. ಒತ್ತಾಗಿ ಅಂಟಿಕೊಂಡ ಹಿಮದ ಹಾಸು ಮೇಲೆ, ಗಟ್ಟಿ ಹಿಮದ ಹಾಸಿಗೆ ಕೆಳಗೆ, ನಡುವೆ ಒಂದು ದುರ್ಬಲ ಪದರ. ಆ ಪದರ ಒಂದು ಕಡೆ ಕುಸಿದರೆ ಬಿರುಕು ಕ್ಷಣಾರ್ಧದಲ್ಲಿ ಇಡೀ ಇಳಿಜಾರಿಗೆ ಹಬ್ಬುತ್ತದೆ, ಮೇಲಿನ ಚಪ್ಪಡಿ ತುಂಡುತುಂಡಾಗಿ ಜಾರುತ್ತದೆ. ಬಿರುಕಿನ ಗೆರೆ ಸಾಮಾನ್ಯವಾಗಿ ಸ್ಕೀಯರ್ ನಿಂತ ಜಾಗಕ್ಕಿಂತ ಮೇಲೆ ಮೂಡುವುದರಿಂದ ಪಕ್ಕಕ್ಕೆ ಸರಿಯಲು ಸಮಯ ಸಿಗುವುದು ಅಪರೂಪ.

ದುರ್ಬಲ ಪದರ ಹೆಚ್ಚಾಗಿ ಹುಟ್ಟುವುದು ಬಿರುಗಾಳಿಯಲ್ಲಲ್ಲ, ತಿಳಿಯಾದ ಹವೆಯಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹಿಮದ ಮೇಲೆ ಗರಿಯಂಥ ತೆಳು ಹರಳುಗಳು ಎದ್ದು ನಿಲ್ಲುತ್ತವೆ. ಬೆಳಗಿನ ಬಿಸಿಲಿಗೆ ಅವು ಥಳಥಳಿಸುವುದು ನೋಡಲು ಚೆಂದ. ಅವುಗಳ ಮೇಲೆ ಹೊಸ ಹಿಮ ಬಿದ್ದರೆ ಮಾತ್ರ ಇಸ್ಪೀಟೆಲೆಯ ಮನೆಯ ಮೇಲೆ ಹಲಗೆ ಇಟ್ಟಂತೆ. ಇನ್ನೊಂದು ಬಗೆ ಒಳಗೇ ಬೆಳೆಯುತ್ತದೆ. ನೆಲಕ್ಕೆ ತಾಗಿದ ಹಿಮ ಸುಮಾರು 0 ಡಿಗ್ರಿಯಲ್ಲಿರುತ್ತದೆ. ಹಿಮದ ದಪ್ಪ ಬರೀ 50 ಸೆಂಟಿಮೀಟರ್, ಮೇಲ್ಮೈ ಮೈನಸ್ 15 ಎಂದುಕೊಳ್ಳಿ. ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ವ್ಯತ್ಯಾಸವಾಯಿತು. 10 ಸೆಂಟಿಮೀಟರಿಗೆ ಒಂದು ಡಿಗ್ರಿ ದಾಟಿದರೇ ಸಾಕು, ನೀರಾವಿ ಮೇಲಕ್ಕೆ ಸಾಗುತ್ತ ಹಿಮದ ಕಣಗಳನ್ನು ಮೂಲೆಮೂಲೆಯ ಹರಳಾಗಿ ಮಾರ್ಪಡಿಸುತ್ತದೆ. ಅಂಗೈಗೆ ಹಾಕಿಕೊಂಡು ನೋಡಿ: ಮುದ್ದೆ ಕಟ್ಟಲು ಬಾರದು, ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಹಾಗಾಗಿ ಹಿಮ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಎನ್ನುವ ಲೆಕ್ಕ ತಪ್ಪು. ಬಂಡೆಗಳ ಸುತ್ತ ಹಿಮ ತೆಳುವಾದ ಕಡೆಯೇ ನಿಮ್ಮ ತೂಕ ಆ ಪದರಕ್ಕೆ ಸುಲಭವಾಗಿ ತಾಗುತ್ತದೆ. ಹತ್ತು ಜನ ಇಳಿದ ಗುರುತಿದ್ದರೂ ಹನ್ನೊಂದನೆಯವರು ಆ ತೆಳು ಜಾಗವನ್ನು ತುಳಿಯಬಹುದು.

ಈ ಪದರವನ್ನು ಹುಡುಕಲು ಮಾಡುವ ಪರೀಕ್ಷೆ ಗೊತ್ತಿರಬೇಕು. ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್, ಮೇಲ್ಮುಖವಾಗಿ 30 ಸೆಂಟಿಮೀಟರ್ ಅಳತೆಯ ಹಿಮದ ಕಂಬವನ್ನು ಸುತ್ತಲೂ ಕತ್ತರಿಸಿ ಬಿಡಿಸಿ. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು ಹಾಕಿ. ಬಿರುಕು ಕಾಣಿಸಿದ ಏಟಿಗೇ, ಇಲ್ಲವೇ ಅದರ ಮುಂದಿನದಕ್ಕೆ, ಅದು ಕಂಬದ ಇನ್ನೊಂದು ತುದಿಯವರೆಗೂ ಓಡಿದರೆ ಆ ಇಳಿಜಾರು ಬೇಡ. ಓಡದಿದ್ದರೆ? ಅದು ಅನುಮತಿ ಪತ್ರವಲ್ಲ. 50 ಮೀಟರ್ ಆಚೆ ಹಿಮದ ಕಥೆಯೇ ಬೇರೆ ಇರಬಹುದು. ಪರೀಕ್ಷೆಯಿಂದ ಬೇಡ ಎನ್ನುವುದನ್ನು ಕಲಿಯಬಹುದು, ಹೋಗಬಹುದು ಎನ್ನುವುದನ್ನಲ್ಲ.

ಆದ್ದರಿಂದಲೇ ಕೋನಕ್ಕೆ ಇಷ್ಟು ಮಹತ್ವ. ಹಿಮದ ಒಳಗು ಕಾಣುವುದಿಲ್ಲ, ಇಳಿಜಾರು ಕಾಣುತ್ತದೆ, ಅಳೆಯಲೂ ಬರುತ್ತದೆ. ಚಪ್ಪಡಿ ಕುಸಿತಗಳು ಬಹುಮಟ್ಟಿಗೆ 30ರಿಂದ 45 ಡಿಗ್ರಿಯ ನಡುವೆ, ಅದರಲ್ಲೂ 38ರ ಆಸುಪಾಸಿನಲ್ಲಿ ಆಗುತ್ತವೆ. ದುರದೃಷ್ಟಕ್ಕೆ ಸ್ಕೀಯಿಂಗಿಗೆ ಸೊಗಸೆನಿಸುವ ಇಳಿಜಾರೂ ಅದೇ. ಕಣ್ಣಂದಾಜು ನಂಬಬೇಡಿ. ಎರಡು ಸಮ ಉದ್ದದ ಸ್ಕೀ ಕೋಲು ಸಾಕು. ಒಂದನ್ನು ನೀರು ಹರಿಯುವ ದಿಕ್ಕಿನಲ್ಲಿ, ಮೊನೆ ಮೇಲಕ್ಕೆ ಹಿಡಿ ಕೆಳಕ್ಕೆ ಬರುವಂತೆ ಮಲಗಿಸಿ ಹಿಮದಲ್ಲಿ ಅಚ್ಚು ಒತ್ತಿ. ಮೊನೆಯನ್ನು ಅಲ್ಲೇ ಬಿಟ್ಟು ಹಿಡಿಯನ್ನು ಮೇಲೆತ್ತಿ. ಎರಡನೆಯ ಕೋಲಿನ ಹಿಡಿಯನ್ನು ಇದರ ಹಿಡಿಗೆ ಸೇರಿಸಿ ತೂಗುಗುಂಡಿನಂತೆ ನೇರ ಕೆಳಗೆ ಇಳಿಬಿಡಿ. ಅದರ ಮೊನೆ ಅಚ್ಚಿನ ಕೆಳತುದಿಗೇ ತಾಗಿದರೆ 30 ಡಿಗ್ರಿ. ಅಚ್ಚಿನೊಳಗೆ ತಾಗಿದರೆ ಕಡಿಮೆ. ಅಚ್ಚು ದಾಟಿ ಕೆಳಗೆ ತಾಗಿದರೆ ಪ್ರತಿ 10 ಸೆಂಟಿಮೀಟರಿಗೆ ಸುಮಾರು 3 ಡಿಗ್ರಿ ಸೇರಿಸಿಕೊಳ್ಳಿ. ಲೆಕ್ಕಕ್ಕೆ ಬರುವುದು ಸರಾಸರಿಯಲ್ಲ, ಇಳಿಜಾರಿನ ಅತಿ ಕಡಿದಾದ ಭಾಗ. ನೀವು ನಿಂತದ್ದು ಸಮತಟ್ಟಾದರೂ ತಲೆಯ ಮೇಲಿರುವುದು 38 ಡಿಗ್ರಿಯಾದರೆ ನೀವು ಅದರ ದಾರಿಯಲ್ಲಿದ್ದೀರಿ.

ಯುರೋಪಿನಲ್ಲಿ 1993ರಿಂದ ಬಳಕೆಯಲ್ಲಿರುವ ಐದು ಹಂತಗಳ ಹಿಮಕುಸಿತದ ಅಪಾಯ ಸೂಚಿಯನ್ನು ಕೋನದ ಜೊತೆಗಿಟ್ಟು ಓದಬೇಕು. ಆಲ್ಪ್ಸ್‌ನಲ್ಲಿ ರೂಢಿಯಲ್ಲಿರುವ ಸರಳ ಸೂತ್ರ ಹೀಗಿದೆ: ಹಂತ 2ರಲ್ಲಿ 40 ಡಿಗ್ರಿಗಿಂತ, 3ರಲ್ಲಿ 35ಕ್ಕಿಂತ, 4ರಲ್ಲಿ 30ಕ್ಕಿಂತ ಕಡಿಮೆ ಇರುವ ಕಡೆಯೇ ಉಳಿಯಿರಿ. 3 ಎಂದರೆ ಐದರ ನಡುವಿನ ಅಂಕೆ, ಹಾಗಾಗಿ ಸಾಧಾರಣ ಅಪಾಯ ಎಂದು ಓದುವವರು ಬಹಳ. ಅಲ್ಲ. ಅಪಾಯ ಹಂತದಿಂದ ಹಂತಕ್ಕೆ ಸಮನಾಗಿ ಏರುವುದಿಲ್ಲ, ಜಿಗಿಯುತ್ತದೆ. 3ರಲ್ಲಿ ಒಬ್ಬ ಸ್ಕೀಯರ್ ಸಾಕು, ಕೆಲವೊಮ್ಮೆ ದೂರದಲ್ಲಿ ನಿಂತೇ ಚಪ್ಪಡಿ ಬಿರಿಯುವಂತೆ ಮಾಡಬಹುದು.

ಹಿಮ ತಾನೇ ಮಾತಾಡಿದರೆ ಸೂಚಿಗೆ ಕಾಯಬೇಡಿ. ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ಸ್ಕೀ ತುದಿಯಿಂದ ಓಡುವ ಬಿರುಕು, ಕಾಲಡಿಯಲ್ಲಿ 'ಧುಪ್' ಎಂದು ಕೂರುವ ಸದ್ದು, ಇವುಗಳಲ್ಲಿ ಒಂದಿದ್ದರೂ ಕಡಿದಾದ ಇಳಿಜಾರನ್ನು ಅಂದಿಗೆ ಬಿಡಿ. ಗಾಳಿಯ ಕೆಲಸವನ್ನೂ ಗಮನಿಸಿ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಅದು ಬೆಟ್ಟದ ಏಣಿನ ಗಾಳಿಮರೆಯಲ್ಲಿ ಹಿಮ ಪೇರಿಸಬಲ್ಲದು. ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಕುಸಿತ ತಲುಪದ ಜಾಗದಿಂದ ನೋಡುತ್ತಿರಲಿ. ಕೆಳಗೆ ಕೊರಕಲಿದ್ದರೆ ಚಿಕ್ಕ ಕುಸಿತವೂ ಆಳವಾಗಿ ಹೂಳುತ್ತದೆ.

457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಹಿಮದೊಳಗೆ ಚುಚ್ಚಿ ಹುಡುಕುವ ಕನಿಷ್ಠ 2.4 ಮೀಟರಿನ ಪ್ರೋಬ್ ಕೋಲು, ಲೋಹದ ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಲಿ. ಮೊಬೈಲನ್ನು ಟ್ರಾನ್ಸೀವರಿನಿಂದ 20, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಿ. ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆಯ ಹೊತ್ತಿಗೆ ಮೂರರಲ್ಲಿ ಒಬ್ಬರು. ಹೆಚ್ಚಿನ ಸಮಯ ತಿನ್ನುವುದು ಅಗೆತ. ಕುಸಿದ ಹಿಮ ನಿಂತ ಕೂಡಲೇ ಬಿಗಿದುಕೊಳ್ಳುತ್ತದೆ. ಸಂಕೇತ ಅತಿ ಬಲವಾದ ಜಾಗದಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ, ಹಿಮದ ಮೇಲ್ಮೈಗೆ ಲಂಬವಾಗಿ ಚುಚ್ಚುತ್ತ ಬನ್ನಿ. ತಗುಲಿದ ಮೇಲೆ ಪ್ರೋಬನ್ನು ಕೀಳಬೇಡಿ. ನೇರ ಅದರ ಮೇಲೆ ನಿಂತು ಅಗೆದರೆ ಕೆಳಗಿರುವವರ ಉಸಿರಾಟದ ಜಾಗ ಕುಸಿಯುತ್ತದೆ. ಹೂತಿರುವ ಆಳದ ಒಂದರಿಂದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗೆ ಸರಿದು, ಅಲ್ಲಿಂದ ಪ್ರೋಬಿನ ಕಡೆಗೆ ಹಿಮವನ್ನು ತುಂಡು ಕತ್ತರಿಸಿ ಹಿಂದಕ್ಕೆ ತಳ್ಳುತ್ತ ಹೋಗಿ. ಮುಖ ಕಂಡೊಡನೆ ಮೊದಲು ಬಾಯಿ ಮೂಗಿನ ಹಿಮ ತೆಗೆಯಿರಿ, ಎದೆಯ ಮೇಲಿನ ಭಾರ ಇಳಿಸಿ.