ಕುದುರೆಯ ಉಬ್ಬಸ: ಕೆಮ್ಮು ಹೇಳುವುದು ಅರ್ಧ ಮಾತ್ರ

ಅಸ್ತಮಾ ಇರಬಹುದೆಂಬ ಸಂಶಯದಿಂದ ಕುದುರೆಯನ್ನು ತೋರಿಸಲು ಬರುವ ಮಾಲೀಕರು ಸಾಮಾನ್ಯವಾಗಿ ಮೊದಲು ಹೇಳುವುದು ಕೆಮ್ಮಿನ ವಿಷಯವನ್ನು. ಆದರೆ ಕುದುರೆ ಸುಲಭವಾಗಿ ಕೆಮ್ಮುವ ಪ್ರಾಣಿಯಲ್ಲ. ಶ್ವಾಸನಾಳದಲ್ಲಿ ಲೋಳೆ ಕಟ್ಟಿಕೊಂಡಿದ್ದರೂ ಇಡೀ ದಿನ ಒಮ್ಮೆಯೂ ಕೆಮ್ಮದ ಕುದುರೆಗಳಿವೆ. ಆದ್ದರಿಂದ ಕೆಮ್ಮು ಕೇಳಿಸಿದರೆ ಕಡೆಗಣಿಸಬಾರದು, ಕೇಳಿಸದಿದ್ದರೆ ನಿಶ್ಚಿಂತೆಯಿಂದಲೂ ಇರಬಾರದು.

ಈ ರೋಗಕ್ಕೆ ಎರಡು ಮುಖಗಳಿವೆ. ಸೌಮ್ಯ ಅಥವಾ ಮಧ್ಯಮ ರೂಪ ಯಾವ ವಯಸ್ಸಿನಲ್ಲಾದರೂ ಬರಬಹುದು. ರೇಸ್ ಕುದುರೆಗಳಲ್ಲಿ ಇದು ಬಹಳ ಸಾಮಾನ್ಯವಾಗಿದ್ದು, ನಿಂತಾಗ ಕುದುರೆಯ ಉಸಿರಾಟದಲ್ಲಿ ಯಾವ ಕಷ್ಟವೂ ಕಾಣದೆ, ಓಟದ ಕೊನೆಯ ಹಂತದಲ್ಲಿ ವೇಗ ಕುಸಿಯುತ್ತದೆ ಎಂಬುದೊಂದೇ ಮಾಲೀಕರ ದೂರು. ತೀವ್ರ ರೂಪ ಸಾಮಾನ್ಯವಾಗಿ 7 ವರ್ಷ ದಾಟಿದ ಕುದುರೆಗಳದ್ದು. ಇಲ್ಲಿ ಲಾಯದಲ್ಲಿ ಸುಮ್ಮನೆ ನಿಂತಾಗಲೂ ಮೂಗಿನ ಹೊಳ್ಳೆಗಳು ಅರಳುತ್ತವೆ, ಉಸಿರು ಹೊರಹಾಕಲು ಹೊಟ್ಟೆಯ ಸ್ನಾಯುಗಳು ದುಡಿಯುತ್ತವೆ, ಬಹುಕಾಲ ಹೀಗೆಯೇ ಮುಂದುವರಿದರೆ ಆ ಸ್ನಾಯುಗಳು ಬಲಿತು ಪಕ್ಕೆಯ ಕೆಳಭಾಗದಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. 2016ರಲ್ಲಿ ಅಮೆರಿಕದ ಪಶು ಆಂತರಿಕ ವೈದ್ಯತಜ್ಞರ ಸಂಸ್ಥೆ ಪ್ರಕಟಿಸಿದ ಒಮ್ಮತದ ನಿಲುವಿನ ನಂತರ ಎರಡನ್ನೂ ಕುದುರೆ ಅಸ್ತಮಾ ಎಂಬ ಒಂದೇ ಹೆಸರಿನಡಿ ನೋಡುವುದು ರೂಢಿಯಾಗಿದೆ.

ಪರೀಕ್ಷೆಯನ್ನು ನಾನು ಥರ್ಮಾಮೀಟರಿನಿಂದ ಆರಂಭಿಸುತ್ತೇನೆ. ಅಸ್ತಮಾದಲ್ಲಿ ಜ್ವರ ಬರುವುದಿಲ್ಲ. ಜ್ವರದೊಂದಿಗೆ ಕೆಮ್ಮು ಮತ್ತು ಮೂಗಿನ ಸ್ರಾವ ಇದ್ದರೆ, ಅದರಲ್ಲೂ ಲಾಯದ ಹಲವು ಕುದುರೆಗಳು ಒಟ್ಟಿಗೆ ಕಾಯಿಲೆ ಬಿದ್ದಿದ್ದರೆ, ಯೋಚಿಸಬೇಕಾದುದು ಸೋಂಕಿನ ಬಗ್ಗೆ. 2008–09ರಲ್ಲಿ ದೇಶದಲ್ಲಿ ಹರಡಿದ ಕುದುರೆ ಫ್ಲೂ ಇದಕ್ಕೆ ಉದಾಹರಣೆ. ಭಾರತದಲ್ಲಿ ಗ್ಲ್ಯಾಂಡರ್ಸ್ ರೋಗವನ್ನೂ ಮರೆಯುವಂತಿಲ್ಲ. ಅದು ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾದ್ದರಿಂದ, ಮೂಗಿನಲ್ಲಿ ಹುಣ್ಣು ಅಥವಾ ಚರ್ಮದಲ್ಲಿ ಗಂಟುಗಳಿರುವ ಕುದುರೆಗೆ ರಕ್ತಪರೀಕ್ಷೆಯ ವರದಿ ಬರುವವರೆಗೆ ಎಂಡೋಸ್ಕೋಪ್ (ಮೂಗಿನ ಮೂಲಕ ಇಳಿಸಿ ಒಳಗನ್ನು ನೋಡುವ ಕ್ಯಾಮೆರಾ ನಳಿಕೆ) ಹಾಕಲು ಹೋಗಬಾರದು. ಇನ್ನೊಂದು ಗೊಂದಲ ನಮ್ಮ ಹವಾಮಾನದ್ದು. ಚೆನ್ನೈ, ಮುಂಬೈಯಂತಹ ಸೆಕೆಯ ಊರುಗಳಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ, ಮೈಯ ಬಿಸಿ ಹೊರಹಾಕಲು ಅವು ವೇಗವಾಗಿ ಉಸಿರಾಡುತ್ತವೆ. ಚರ್ಮ ಒಣಗಿ, ಮೈ ಸುಡುತ್ತಿದ್ದು, ನೆರಳು ಮತ್ತು ತಣ್ಣೀರು ಸಿಕ್ಕಾಗ ಉಸಿರು ತಹಬಂದಿಗೆ ಬಂದರೆ ಅದನ್ನು ಉಬ್ಬಸ ಎನ್ನಲಾಗದು.

ಸ್ಟೆತಸ್ಕೋಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಕುದುರೆಯ ಎದೆ ದೊಡ್ಡದು, ವಿಶ್ರಾಂತಿಯಲ್ಲಿ ಅದರ ಉಸಿರು ಮೆಲುವಾದದ್ದು. ಸೌಮ್ಯ ರೂಪದ ರೋಗದಲ್ಲಿ ಹಲವು ಸಲ ಏನೂ ಕೇಳಿಸುವುದಿಲ್ಲ. ಮೂಗಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಿಡಿದು, ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವಂತೆ ಮಾಡಿದಾಗ ಉಸಿರು ಆಳವಾಗಿ, ಅಡಗಿದ್ದ ಸಿಳ್ಳೆಯಂತಹ ಸದ್ದು ಹೊರಬರಬಹುದು. ನಿಂತಲ್ಲೇ ಏದುಸಿರು ಬಿಡುತ್ತಿರುವ ಕುದುರೆಗೆ ಈ ಪರೀಕ್ಷೆ ಸಲ್ಲದು. ಎಂಡೋಸ್ಕೋಪಿನಲ್ಲಿ ಶ್ವಾಸನಾಳದ ಲೋಳೆಯನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಗುರುತಿಸುತ್ತೇವೆ. ವ್ಯಾಯಾಮದ ನಂತರ ನೋಡಿದರೆ ಚಿತ್ರ ಹೆಚ್ಚು ಸ್ಪಷ್ಟ. ಓಡುವಾಗ ಶ್ವಾಸಕೋಶದಲ್ಲಿ ರಕ್ತ ಒಸರುವ ತೊಂದರೆ ಇದ್ದರೆ ಅದೂ ಆಗ ಕಣ್ಣಿಗೆ ಬೀಳುತ್ತದೆ.

ಆದರೂ ರೋಗವನ್ನು ಖಚಿತಪಡಿಸುವುದು ಶ್ವಾಸಕೋಶದ ತೊಳೆನೀರು. ಕುದುರೆಗೆ ಮಂಪರಿನ ಔಷಧ ಕೊಟ್ಟು, ಮೂಗಿನ ಮೂಲಕ ಉದ್ದನೆಯ ನಳಿಕೆಯನ್ನು ಸಣ್ಣ ಶ್ವಾಸನಾಳಗಳವರೆಗೆ ಇಳಿಸಿ, 250ರಿಂದ 500 ಮಿಲಿಲೀಟರ್ ಶುದ್ಧ ಸಲೈನ್ ಹಾಯಿಸಿ ಹಿಂದಕ್ಕೆ ಎಳೆಯುತ್ತೇವೆ. ಬಂದ ದ್ರವದ ಮೇಲೆ ನೊರೆ ಕಟ್ಟಿದ್ದರೆ ಅದು ಶ್ವಾಸಕೋಶದ ಆಳದಿಂದ ಬಂದಿದೆ ಎಂದು ತಿಳಿಯಬಹುದು. ಆರೋಗ್ಯವಂತ ಕುದುರೆಯಲ್ಲಿ ಈ ದ್ರವದ ಕೋಶಗಳ ಪೈಕಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಶೇ 5ರೊಳಗೆ ಇರುತ್ತವೆ. ಶೇ 10 ದಾಟಿದರೆ ಸೌಮ್ಯ ಅಸ್ತಮಾ, ಶೇ 25 ದಾಟಿದರೆ ತೀವ್ರ ಅಸ್ತಮಾ ಎಂದು, ಉಳಿದ ಲಕ್ಷಣಗಳೊಂದಿಗೆ ತಾಳೆ ನೋಡಿ, ತೀರ್ಮಾನಿಸುತ್ತೇವೆ. ಅಲರ್ಜಿಯಲ್ಲಿ ಪಾತ್ರವಿರುವ ಮಾಸ್ಟ್ ಕೋಶ ಅಥವಾ ಇಯೋಸಿನೋಫಿಲ್ ಎಂಬ ಕೋಶಗಳು ಶೇ 5ನ್ನು ಮೀರಿದರೂ ಅದು ಸೌಮ್ಯ ರೂಪದ ಸೂಚನೆಯೇ. ಪ್ರಯೋಗಾಲಯಕ್ಕೆ ಕಳಿಸುವ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ: ತ್ವರಿತ ಬಣ್ಣ ಹಾಕುವ ವಿಧಾನದಲ್ಲಿ ಮಾಸ್ಟ್ ಕೋಶಗಳು ಕಣ್ತಪ್ಪುತ್ತವೆ, ಟೊಲುಯಿಡಿನ್ ಬ್ಲೂ ಎಂಬ ಬಣ್ಣವೇ ಬೇಕೆಂದು ಚೀಟಿಯಲ್ಲೇ ಬರೆಯಿರಿ. ದೊಡ್ಡ ಶ್ವಾಸನಾಳದಿಂದ ಮಾತ್ರ ತೆಗೆದ ಮಾದರಿ ಇದಕ್ಕೆ ಬದಲಿಯಲ್ಲ, ಏಕೆಂದರೆ ಅಲ್ಲಿನ ಕೋಶಗಳ ಲೆಕ್ಕ ಆಳದ ಸ್ಥಿತಿಯನ್ನು ಹೇಳುವುದಿಲ್ಲ.

ರೋಗ ಗುರುತಿಸಿದ ಮೇಲೆ ನಿಗಾ ಇಡುವ ಕೆಲಸದಲ್ಲಿ ಹೆಚ್ಚಿನ ಪಾಲು ಲಾಯದವರದ್ದು. ದಿನವೂ ಒಂದೇ ಹೊತ್ತಿಗೆ, ಮೇವು ಹಾಕುವ ಮೊದಲು, ಕುದುರೆ ಶಾಂತವಾಗಿರುವಾಗ ಪಕ್ಕೆಯ ಏರಿಳಿತವನ್ನು ಎಣಿಸಿ ಬರೆದಿಡಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 8ರಿಂದ 16 ಉಸಿರು ಸಹಜ. ನನ್ನ ಮಟ್ಟಿಗೆ ಆ ಸಂಖ್ಯೆಗಿಂತಲೂ ಆ ಕುದುರೆಯದೇ ಸರಾಸರಿಯಿಂದ ಅದು ಮೇಲೇರಿತೇ ಎಂಬುದು ಮುಖ್ಯ. ಹೊಳ್ಳೆ ಅರಳಿತ್ತೇ, ಹೊಟ್ಟೆ ಎಳೆದುಕೊಂಡಿತ್ತೇ, ಓಟದ ಆರಂಭದಲ್ಲಿ ಎಷ್ಟು ಸಲ ಕೆಮ್ಮಿತು ಎಂಬುದನ್ನೂ ಸೈಸ್ (ಕುದುರೆ ನೋಡಿಕೊಳ್ಳುವವ) ಒಂದು ಸಾಲಿನಲ್ಲಿ ಬರೆದರೆ ಸಾಕು.

ಈ ದಾಖಲೆಯಿಂದಲೂ ತಿಳಿಯದ ಒಂದು ಸಂಗತಿಯಿದೆ. ಸ್ಟಿರಾಯ್ಡ್ ಮತ್ತು ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟಾಗ ಉಸಿರು ಬೇಗ ಸರಾಗವಾಗುತ್ತದೆ, ಆದರೆ ಈ ರೋಗವನ್ನು ಕೆರಳಿಸುವ ಮೇವಿನ, ಲಾಯದ ಧೂಳು ಹಾಗೆಯೇ ಇದ್ದರೆ ತೊಳೆನೀರಿನಲ್ಲಿ ನ್ಯೂಟ್ರೋಫಿಲ್‌ಗಳು ಇಳಿಯುವುದಿಲ್ಲ. ಅದಕ್ಕಾಗಿಯೇ ಕೆಲವು ವಾರಗಳ ಚಿಕಿತ್ಸೆಯ ನಂತರ ಕುದುರೆ ಚೆನ್ನಾಗಿ ಕಂಡರೂ ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವಂತೆ ಸೂಚಿಸುತ್ತೇನೆ. ಲೆಕ್ಕ ಇಳಿಯದಿದ್ದರೆ ಔಷಧದ ಪ್ರಮಾಣ ಏರಿಸುವುದಕ್ಕಿಂತ ಮೊದಲು ಗೋದಲಿಯತ್ತ ನೋಡಬೇಕು. ಸ್ಟಿರಾಯ್ಡ್ ಹೆಚ್ಚಾದಂತೆ ಗೊರಸಿನ ಉರಿಯೂತದ ಅಪಾಯದ ಬಗ್ಗೆಯೂ ಎಚ್ಚರ ಬೇಕು, ರೇಸ್ ಕುದುರೆಯಾದರೆ ಔಷಧ ನಿಲ್ಲಿಸಬೇಕಾದ ಅವಧಿಯ ನಿಯಮವೂ ಇರುತ್ತದೆ. ಲಾಯದ ನಡುವೆ ಗಾಳಿ ಸ್ವಚ್ಛವಾಗಿದೆ ಎಂಬುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಕುದುರೆ ತಿನ್ನುವಾಗ ಮೂಗನ್ನು ಹುಲ್ಲಿನೊಳಗೇ ತೂರಿಸಿರುತ್ತದೆ, ಅಲ್ಲಿ ಧೂಳು ಹಲವು ಪಟ್ಟು ಹೆಚ್ಚು. ಒಣಹುಲ್ಲನ್ನು ಸುಮಾರು 30 ನಿಮಿಷ ನೀರಿನಲ್ಲಿ ಮುಳುಗಿಸಿ, ಮತ್ತೆ ಒಣಗುವ ಮೊದಲೇ ತಿನ್ನಿಸಬೇಕು. ಬೂಸ್ಟು ಹಿಡಿದ ಕಂತೆಯನ್ನು ನೆನೆಸಿಯೂ ಕೊಡಬಾರದು. ಪಕ್ಕದ ಕೋಣೆಯ ಕುದುರೆಗೆ ಒಣಹುಲ್ಲನ್ನೇ ಕೊಡವಿ ಹಾಕುತ್ತಿದ್ದರೆ, ಅಥವಾ ಕುದುರೆ ಒಳಗಿರುವಾಗಲೇ ಕಸ ಗುಡಿಸುತ್ತಿದ್ದರೆ, ಈ ಶ್ರಮದ ಫಲ ಮುಂದಿನ ತೊಳೆನೀರಿನ ವರದಿಯಲ್ಲಿ ಕಾಣಿಸದು.