“ಇದು ಅಲ್ಲಾಡ್ತದಾ ಸರ್?”

ತೂಗುಸೇತುವೆಯ ಉದ್ಘಾಟನೆಗೆ ಇನ್ನು 12 ದಿನ ಇದೆ. ಹಲಗೆಗಳ ಬೋಲ್ಟ್ ಬಿಗಿಯುವ ಕೆಲಸ ನಡೆಯುತ್ತಿದೆ. ಸಂಜೆ ಐದು ಗಂಟೆಯಾದರೆ ಸಾಕು, ಹೊಳೆಯ ಎರಡೂ ಬದಿಯವರು ಒಬ್ಬೊಬ್ಬರಾಗಿ ಬಂದು ಗೋಪುರದ ಬುಡದಲ್ಲಿ ನಿಲ್ಲುತ್ತಾರೆ. ಮೊನ್ನೆ ಒಬ್ಬರು ಅಜ್ಜಿ ಉಕ್ಕಿನ ಹಗ್ಗವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ಕೇಳಿದರು: “ಇದು ಅಲ್ಲಾಡ್ತದಾ ಸರ್?”

“ಅಲ್ಲಾಡ್ತದೆ ಅಜ್ಜಿ” ಅಂದೆ. ಪಕ್ಕದಲ್ಲಿದ್ದ ಕಂಟ್ರಾಕ್ಟರ್ ಮುಖ ಸಣ್ಣದಾಯಿತು. ಹಾಗೆ ಹೇಳಿದರೆ ಜನ ಹೆದರುತ್ತಾರೆ ಅಂತ ಅವರ ಲೆಕ್ಕ. ನನ್ನ ಅನುಭವ ಬೇರೆ. ಅಲ್ಲಾಡುವುದೇ ಇಲ್ಲ ಅಂತ ನಂಬಿಸಿ ಹತ್ತಿಸಿದರೆ, ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಮ್ಮ ಮಾತೂ ಬಿತ್ತು, ಸೇತುವೆಯ ಮೇಲಿನ ನಂಬಿಕೆಯೂ ಬಿತ್ತು.

ನಾವು ನಡೆಯುವಾಗ ಸೆಕೆಂಡಿಗೆ ಸುಮಾರು 2 ಹೆಜ್ಜೆ ಇಡುತ್ತೇವೆ. ಬಲಗಾಲು ಒಂದು ಕಡೆ ತಳ್ಳುತ್ತದೆ, ಎಡಗಾಲು ಇನ್ನೊಂದು ಕಡೆ. ಒಬ್ಬರದ್ದಾದರೆ ಏನೂ ಅಲ್ಲ. ಆದರೆ ಸೇತುವೆ ತನ್ನಷ್ಟಕ್ಕೆ ತೂಗುವ ಲಯವೂ ಈ ಎಡ-ಬಲ ತಳ್ಳಾಟದ ಲಯಕ್ಕೆ ಹತ್ತಿರವಿದ್ದರೆ ಕಷ್ಟ. ಬೀಳದ ಹಾಗೆ ನಿಲ್ಲಲು ಜನ ತಮಗೇ ಗೊತ್ತಿಲ್ಲದೆ ಅದೇ ಲಯಕ್ಕೆ ಕಾಲು ಹಾಕುತ್ತಾರೆ. ತೂಗಾಟ ಇನ್ನೂ ಜಾಸ್ತಿಯಾಗುತ್ತದೆ. ಲಂಡನ್ನಿನ ಮಿಲೇನಿಯಂ ಸೇತುವೆಯಲ್ಲಿ ಆಗಿದ್ದು ಇದೇ. 2000ದ ಜೂನ್ 10ರಂದು ಜನರಿಗೆ ತೆರೆದರು, 2 ದಿನದಲ್ಲಿ ಮುಚ್ಚಿದರು. ತೂಗಾಟ ತಗ್ಗಿಸುವ ಡ್ಯಾಂಪರ್‌ಗಳನ್ನು ಕೂರಿಸಿ ಮತ್ತೆ ತೆರೆದಿದ್ದು 2002ರಲ್ಲಿ. ನಮ್ಮ ಸೇತುವೆಗೆ ಎರಡೂ ಪಕ್ಕದಿಂದ ಎಳೆದು ಕಟ್ಟಿದ ಹಗ್ಗಗಳಿವೆ. ಅಷ್ಟಾದರೂ ಅಜ್ಜಿಗೆ ಹೇಳಿದೆ: ತೂಗಿದ ಹಾಗೆ ಅನಿಸಿದರೆ ಒಂದು ಗಳಿಗೆ ಕೈಹಿಡಿ ಹಿಡಿದು ನಿಂತುಬಿಡಿ, ಅದು ತಾನಾಗಿ ಇಳಿಯುತ್ತದೆ.

ಹುಡುಗರ ದೂರು ಬೇರೆ. “ಹಗ್ಗ ಲೂಸ್ ಉಂಟಲ್ಲ ಸರ್, ಇನ್ನೂ ಸ್ವಲ್ಪ ಎಳೀಬೇಕಿತ್ತು.” ಇದನ್ನು ಎಲ್ಲ ಊರಲ್ಲೂ ಕೇಳಿದ್ದೇನೆ. ಗೋಪುರದಿಂದ ಗೋಪುರಕ್ಕೆ ಜೋತುಬಿದ್ದ ಹಗ್ಗ ನೋಡಿದರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಯಾರಿಗಾದರೂ ಅನಿಸಬೇಕು. ಅವರನ್ನು ಹತ್ತಿರದ ಮನೆಯ ಅಂಗಳಕ್ಕೆ ಕರೆದುಕೊಂಡು ಹೋದೆ. ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿಯಾಗಿ ಕಟ್ಟಿ, ನಡುವೆ ಒಂದು ಒದ್ದೆ ಬೆಡ್‌ಶೀಟ್ ಹಾಕಿದೆವು. ಕಂಬ ಒಳಗೆ ವಾಲಿತು. ಹಗ್ಗ ಸಡಿಲ ಬಿಟ್ಟು ಮತ್ತೆ ಹಾಕಿದಾಗ ಕಂಬ ನೆಟ್ಟಗೆ ನಿಂತಿತು. ಹಗ್ಗ ಜೋತಷ್ಟೂ ಎಳೆತ ಕಡಿಮೆ. 60 ಮೀಟರ್ ಉದ್ದದ, 1 ಮೀಟರ್ ಅಗಲದ ಸೇತುವೆಯಲ್ಲಿ ಜನ ಕಿಕ್ಕಿರಿದು ನಿಂತರು ಅನ್ನಿ. ಹಗ್ಗ 5 ಮೀಟರ್ ಜೋತಿದ್ದರೆ ಆ ಜನರ ಭಾರಕ್ಕೆ ಹಗ್ಗಗಳು ಒಟ್ಟು ಸುಮಾರು 45 ಟನ್ ಎಳೆತ ತಡೆಯಬೇಕು. ಎರಡೂವರೆ ಮೀಟರಿಗೆ ಬಿಗಿದರೆ ಅದೇ ಜನ, ಅದೇ ಭಾರ, ಎಳೆತ ಮಾತ್ರ 90 ಟನ್.

ಕಿಕ್ಕಿರಿದು ಅಂದೆನಲ್ಲ, ಅದಕ್ಕೂ ನಿಯಮ ಇದೆ. ರಸ್ತೆ, ಸೇತುವೆಗಳಿಗೆ ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ನಿಯಮದಂತೆ ಕಾಲುದಾರಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 400 ಕೆಜಿ ಭಾರ ಹಿಡಿಯಬೇಕು. ಪುಣ್ಯಕ್ಷೇತ್ರ ಹತ್ತಿರವಿದ್ದರೆ, ಜಾತ್ರೆಗೆ ಜನ ಸೇರುವ ಕಡೆಯಾದರೆ 500 ಕೆಜಿ. ಈಗ ನೋಡಿ, ಆಚೆ ದಡದ ದೇವಸ್ಥಾನದಲ್ಲಿ ಜಾತ್ರೆ ಆಗುತ್ತದೆ ಅಂತ ಹೇಳುವವರು ಯಾರು? ನಕ್ಷೆ ಹೇಳುವುದಿಲ್ಲ. ಊರವರೇ ಹೇಳಬೇಕು. ನೆರೆಯ ವಿಷಯವೂ ಹಾಗೇ. ನೇತ್ರಾವತಿಯ ದಂಡೆಯಲ್ಲಿ ಕೂತು ಕೇಳಿದರೆ 1974ರ ನೆರೆಗೆ ನೀರು ಯಾವ ಮೆಟ್ಟಿಲಿಗೆ ಬಂತು ಅಂತ ಹಿರಿಯರು ಬೆರಳಿಟ್ಟು ತೋರಿಸುತ್ತಾರೆ. 1923ರ ಮಾರಿಬೊಳ್ಳದ (ತುಳುವಿನಲ್ಲಿ ಆ ಮಹಾನೆರೆಗೆ ಹೇಳುವ ಹೆಸರು) ಗುರುತು ಕೂಡ ಅಪ್ಪ ಅಜ್ಜಂದಿರ ಬಾಯಿಂದ ಬಂದಿರುತ್ತದೆ. ಸೇತುವೆಯ ಎತ್ತರ ನಿಲ್ಲಿಸುವಾಗ ನಾನು ಮೊದಲು ಹುಡುಕುವುದು ಆ ಬೆರಳನ್ನು.

ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಊರವರು ಬಂದು ಕೇಳಿದ್ದಕ್ಕೆ, ಊರವರನ್ನೇ ಜೊತೆಗಿಟ್ಟುಕೊಂಡು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಈ ಕಸುಬಿನಲ್ಲಿ ಕೇಳಿಸಿಕೊಳ್ಳುವುದು ಅವತ್ತಿನಿಂದಲೂ ಕೆಲಸದ ಒಂದು ಭಾಗ.

ನಾನು ಕೇಳದೆ ಕೆಟ್ಟದ್ದೂ ಇದೆ. ಹಿಂದೆ ಒಂದು ಊರಲ್ಲಿ ಸೇತುವೆ ತೆರೆದ ಮೂರನೇ ದಿನ ಹೆಂಗಸರು ಮತ್ತೆ ಹೊಳೆಗೇ ಇಳಿದರು. ತಲೆ ಮೇಲಿನ ಹುಲ್ಲಿನ ಹೊರೆ ಮೇಲಿನ ಹಗ್ಗದಿಂದ ಹಲಗೆಗೆ ಇಳಿದ ಎರಡೂ ಬದಿಯ ತೂಗುಸರಳಿಗೆ ಸಿಕ್ಕಿಕೊಳ್ಳುತ್ತಿತ್ತು. ಹೊರೆಯ ಅಗಲ ನಾನು ಅಳೆದಿರಲೇ ಇಲ್ಲ. ಈ ಸಲ ಅಳೆದಿದ್ದೇವೆ, ಹಾಲಿನ ಕ್ಯಾನ್ ಸಮೇತ. ಪಕ್ಕದ ಬಲೆಯ ಕಣ್ಣು ದೊಡ್ಡದಾಯಿತು, ಮಗುವಿನ ಕಾಲು ತೂರುತ್ತದೆ ಅಂತ ಒಬ್ಬರು ಟೀಚರ್ ಹೇಳಿದರು. ನಿಜ. ಕೆಳಗಿನ ಎರಡು ಅಡಿಗೆ ಸಣ್ಣ ಕಣ್ಣಿನ ಬಲೆ ಬರುತ್ತಿದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಹೊಳೆಗೆ ಬಿದ್ದು ತೀರಿಹೋದಳು. ಆ ಸುದ್ದಿ ಓದಿದ ಮೇಲೆ ಇಂಥ ಮಾತನ್ನು ಖರ್ಚಿನ ಲೆಕ್ಕಕ್ಕೆ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಬೈಕ್ ಬಿಡಬಹುದಾ ಅಂತಲೂ ಕೇಳಿದರು. ಬೇಡ. ಇದು ಕಾಲ್ನಡಿಗೆಯ ಸೇತುವೆ.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಕೇಳಿದ್ದು ಹಾಲಿನ ಸೊಸೈಟಿಯ ಅಕ್ಕ: “ನೀವು ಹೋದ ಮೇಲೆ ಇದನ್ನು ನೋಡುವವರು ಯಾರು?” ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ದುರಸ್ತಿ ಮುಗಿಸಿ ತೆರೆದು ವಾರವೂ ಆಗಿರಲಿಲ್ಲ. ಒಂದು ಹಗ್ಗದ 49 ಎಳೆಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಅಂತ ತನಿಖೆಯಲ್ಲಿ ಹೊರಬಂತು. ತುಕ್ಕು ಒಂದೇ ದಿನದಲ್ಲಿ ಬರುವುದಿಲ್ಲ. ವರ್ಷ ವರ್ಷ ಯಾರಾದರೂ ಹತ್ತಿರ ಹೋಗಿ ನೋಡಬೇಕು. ಮಳೆಗಾಲಕ್ಕೆ ಮುಂಚೆ ಹಗ್ಗಕ್ಕೆ ಗ್ರೀಸ್, ಕ್ಲಾಂಪುಗಳಿಗೆ ಸ್ಪ್ಯಾನರ್, ಹಲಗೆಗೆ ಒಂದು ಸುತ್ತು.

ಇಲ್ಲಿ ಕಡವಿನಲ್ಲಿ ದೋಣಿ ನಡೆಸುವವರೊಬ್ಬರಿದ್ದಾರೆ. ಈ ಸೇತುವೆಯ ಬಗ್ಗೆ ಇಷ್ಟು ದಿನ ಒಂದು ಮಾತೂ ಆಡದವರು ಅವರೊಬ್ಬರೇ. ಸೇತುವೆ ತೆರೆದ ದಿನವೇ ಅವರ ದುಡಿಮೆ ನಿಲ್ಲುತ್ತದೆ. ನಿನ್ನೆ ನಾನೇ ದೋಣಿ ಹತ್ತಿ ಕೂತೆ. ನಡು ಹೊಳೆಯಲ್ಲಿ ಹುಟ್ಟು ನಿಲ್ಲಿಸಿ ಮೇಲೆ ನೋಡಿ, “ಆಚೆ ಬದಿಯಿಂದ ನಾಲ್ಕನೇ ಸರಳು ಗಾಳಿಗೆ ಕಟಕಟ ಹೇಳ್ತದೆ, ರಾತ್ರಿ ಕೇಳಿದ್ದೇನೆ” ಅಂದರು. ಹತ್ತಿ ನೋಡಿದರೆ ನಟ್ಟು ಅರ್ಧ ಸುತ್ತು ಸಡಿಲ ಇತ್ತು. ಉಸ್ತುವಾರಿಗೆ ತಿಂಗಳ ಸಂಬಳದ ಮೇಲೆ ಅವರನ್ನೇ ಇಟ್ಟುಕೊಳ್ಳಿ ಅಂತ ಪಂಚಾಯಿತಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.