ಫೋನಿನಲ್ಲಿ ಚೆನ್ನಾಗಿದ್ದ ದುಡಿ, ಕಳುಹಿಸಿದ ಮೇಲೆ ಏಕೆ ತಗಡಾಗುತ್ತದೆ?

ಪ್ರಶ್ನೆ: ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಊರಿಗೆ ಹೋದಾಗ ನಮ್ಮ ಅಜ್ಜ ಮತ್ತು ಒಕ್ಕದ (ಕುಲದ) ಇನ್ನು ಮೂವರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ಫೋನಿನಲ್ಲಿ ಕೇಳಿದರೆ ಅವರು ಎದುರಿಗೇ ಕುಳಿತಂತಿದೆ. ಬೆಂಗಳೂರಿನ ನೆಂಟರಿಗೆ ಕಳುಹಿಸಿದರೆ ಮಾತ್ರ ದುಡಿ ತಗಡು ಬಡಿದಂತೆ ಕೇಳಿಸುತ್ತದಂತೆ. ದೋಷ ನನ್ನ ಫೋನಿನದೋ, ನೆಟ್‌ವರ್ಕಿನದೋ? (ಪೊನ್ನಂಪೇಟೆ ಕಡೆಯ ಓದುಗರೊಬ್ಬರು)

ಎರಡರದ್ದೂ ಅಲ್ಲ. ನಿಧಾನವಾದ ನೆಟ್‌ವರ್ಕಿನಲ್ಲಿ ಫೈಲು ತಲುಪುವುದು ತಡವಾಗಬಹುದು, ಅದರೊಳಗಿನ ದನಿ ಕೆಡುವುದಿಲ್ಲ. ನಿಮ್ಮ ಅಜ್ಜನ ಹಾಡನ್ನು ದಾರಿಯಲ್ಲಿ ಎಲ್ಲೋ ಹಿಂಡಲಾಗಿದೆ. ಹೇಗೆ ಕಳುಹಿಸಿದಿರಿ ಎಂದು ನೀವು ಬರೆದಿಲ್ಲ. ನಾನು ಮನೆಮನೆಗಳಲ್ಲಿ ಹೆಚ್ಚಾಗಿ ನೋಡಿರುವುದು ಇದು: ಒಂದು ಫೋನಿನ ಸ್ಪೀಕರಿನಲ್ಲಿ ಹಾಡು ಹಚ್ಚಿ, ಇನ್ನೊಂದು ಫೋನನ್ನು ಅದರ ಬಾಯಿಗೆ ಹಿಡಿದು, ವಾಟ್ಸಾಪಿನ ಮೈಕಿನ ಗುಂಡಿ ಒತ್ತಿ ಧ್ವನಿ ಸಂದೇಶ ಮಾಡಿ ಕಳುಹಿಸುವುದು. ಹೀಗೆ ಮಾಡಿದರೆ ದುಡಿ ಉಳಿಯುವುದಿಲ್ಲ. ಆ ಗುಂಡಿ ಇರುವುದು ಮಾತಿಗೆ. ಮಾತು ಅರ್ಥವಾದರೆ ಅದರ ಕೆಲಸ ಮುಗಿಯಿತು. ಬೆರಳುಗುರಿನಷ್ಟು ಚಿಕ್ಕ ಸ್ಪೀಕರಿಗೆ ದುಡಿಯ ತಗ್ಗಿನ ಗುಂಯ್‌ಕಾರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೇಲಿನ ಟಕಟಕ ಮಾತ್ರ ದಾಟಿ ಬರುತ್ತದೆ, ಅದೇ ನಿಮ್ಮ ನೆಂಟರು ಕೇಳಿದ ತಗಡು.

ವಿಡಿಯೊ ಮಾಡಿ ಕಳುಹಿಸಿದ್ದರೂ ಕಥೆ ಬೇರೆಯಲ್ಲ. ಚಿತ್ರವನ್ನು ಚಿಕ್ಕದು ಮಾಡುವಾಗ ಆ್ಯಪ್ ಜೊತೆಗಿರುವ ದನಿಯನ್ನೂ ಹಿಂಡುತ್ತದೆ.

ಹಿಂಡುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ತಿಳಿಯುತ್ತದೆ. ಸಿ.ಡಿ. ಗುಣಮಟ್ಟದ ರೆಕಾರ್ಡಿಂಗಿನಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ 16 ಸೊನ್ನೆ-ಒಂದುಗಳಲ್ಲಿ, ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ 14 ಲಕ್ಷ ಬಿಟ್ ದಾಟುತ್ತದೆ. ಹತ್ತು ನಿಮಿಷದ ಹಾಡಿಗೆ ಸುಮಾರು 100 ಎಂ.ಬಿ. ಬೇಕು. ವೇವ್ ಎಂಬ ಫೈಲಿನಲ್ಲಿರುವುದು ಇದು. ಅದನ್ನೇ 128 ಕೆ.ಬಿ.ಪಿ.ಎಸ್. (ಸೆಕೆಂಡಿಗೆ 128 ಸಾವಿರ ಬಿಟ್) ಎಂ.ಪಿ.3 ಮಾಡಿದರೆ 10 ಎಂ.ಬಿ.ಗಿಂತ ಕಡಿಮೆಯಾಗುತ್ತದೆ. ಅಂದರೆ ಹನ್ನೊಂದು ಪಾಲಿನಲ್ಲಿ ಒಂದೇ ಪಾಲು ಉಳಿಯಿತು. ಕಿವಿಗೆ ಅಷ್ಟಾಗಿ ತಿಳಿಯದು ಎಂದು ಲೆಕ್ಕ ಹಾಕಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ದೊಡ್ಡ ಸದ್ದಿನ ನೆರಳಿನಲ್ಲಿ ಅಡಗಿದ ಸಣ್ಣ ಸದ್ದು ಮೊದಲು ಹೋಗುತ್ತದೆ. ಬಿಟ್ಟದ್ದು ಮತ್ತೆ ಬರುವುದಿಲ್ಲ. ಎಂ.ಪಿ.3ಯನ್ನು ತಿರುಗಿ ವೇವ್ ಮಾಡಿದರೆ ಫೈಲು ದಪ್ಪಗಾಗುತ್ತದೆ, ಅಷ್ಟೇ.

ಎಳೆದು ಹಾಡುವ ದನಿ ಈ ಹಿಂಡಿಕೆಯನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತದೆ. ದುಡಿಗೆ ಅದು ಕಷ್ಟ. ಪೆಟ್ಟು ಬೀಳುವುದು ಕಣ್ಣು ಮಿಟುಕಿಸುವುದರೊಳಗೆ, ಅದರ ಹಿಂದೆ ತೊಗಲಿನ ಗುಂಯ್‌ಕಾರ. ಹಿಂಡಿಕೆ ಹೆಚ್ಚಾದಾಗ ಪೆಟ್ಟಿನ ಮೊನೆ ಮಂಕಾಗಿ, ಬೀಳುವ ಮೊದಲೇ ಒಂದು ಸಣ್ಣ ಸರಸರ ಕೇಳಿಸುತ್ತದೆ. ಮಳೆಯ ಸದ್ದು ಸೇರಿದರಂತೂ ಇನ್ನೂ ಕೆಡುತ್ತದೆ. ಹೆಂಚಿನ ಮೇಲೆ ಸುರಿಯುವ ಮಳೆ ಎಲ್ಲ ಸ್ವರಗಳಲ್ಲೂ ಹರಡಿಕೊಂಡ ಸದ್ದು. ಇರುವ ಚೂರುಪಾರು ಬಿಟ್‌ಗಳನ್ನು ಅದು ತಿಂದುಹಾಕುತ್ತದೆ, ಹಾಡಿಗೆ ಉಳಿಯುವುದು ಇನ್ನೂ ಕಡಿಮೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಹಾಡು ಹಿಡಿಯಲು ಹೊರಟವರಿಗೆ ನಾನು ಹೇಳುವುದು ಒಂದೇ: ಮಳೆ ಹೊಳವಾಗುವವರೆಗೆ ಕಾಯಿರಿ. ಆ ತಿಂಗಳುಗಳಲ್ಲಿ ದುಡಿಯ ತೊಗಲೂ ಥಂಡಿಗೆ ಸಡಿಲವಾಗಿರುತ್ತದೆ, ಒಲೆಯ ಬಳಿ ಬೆಚ್ಚಗೆ ಮಾಡಿಕೊಳ್ಳದೆ ಸರಿಯಾಗಿ ನುಡಿಯುವುದಿಲ್ಲ.

ಈಗ ನಿಮ್ಮ ಕೆಲಸ. ಮೂಲ ಫೈಲು ಇನ್ನೂ ಫೋನಿನಲ್ಲಿದ್ದರೆ ಅದನ್ನು ಮೈಕಿನ ಗುಂಡಿಯಿಂದಲ್ಲ, ವಾಟ್ಸಾಪಿನಲ್ಲೇ ‘ಡಾಕ್ಯುಮೆಂಟ್’ ಆಯ್ದು ಕಳುಹಿಸಿ. ಹಾಗೆ ಕಳುಹಿಸಿದರೆ ಫೈಲು ಇದ್ದಂತೆಯೇ ಹೋಗುತ್ತದೆ. ಅವರು ಅದನ್ನು ಹತ್ತು ಮಂದಿಗೆ ಫಾರ್ವರ್ಡ್ ಮಾಡಿದರೂ ಕೆಡುವುದಿಲ್ಲ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಹಂಚಲು 256 ಕೆ.ಬಿ.ಪಿ.ಎಸ್. ಎಂ.ಪಿ.3 ಪ್ರತಿ ಮಾಡಿಕೊಳ್ಳಿ. ಹತ್ತು ನಿಮಿಷಕ್ಕೆ 20 ಎಂ.ಬಿ.ಯೊಳಗೆ ಮುಗಿಯುತ್ತದೆ, ದುಡಿಯೂ ದುಡಿಯಾಗಿಯೇ ಇರುತ್ತದೆ. ಪ್ರತಿಯನ್ನು ಯಾವಾಗಲೂ ಮೂಲದಿಂದಲೇ ತೆಗೆಯಿರಿ, ಪ್ರತಿಯ ಪ್ರತಿ ಬೇಡ.

ಮೂಲವನ್ನು ಅಳಿಸಲೇಬೇಡಿ. ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಹಾಡಿದ್ದನ್ನು ಹಿಡಿದಿದ್ದೆ. ನಡುವೆ ಅವರು ಹಾಡು ನಿಲ್ಲಿಸಿ, ದುಡಿಯನ್ನು ಕಿವಿಯ ಹತ್ತಿರ ತಂದು ಎರಡು ಸಲ ಮೆಲ್ಲಗೆ ತಟ್ಟಿ, ತಲೆಯಾಡಿಸಿ ಮುಂದುವರಿದಿದ್ದರು. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ಅಳಿಸಿದೆ, ನೆಂಟರಿಗೆ ಕಳುಹಿಸಿದ ಹಿಂಡಿದ ಪ್ರತಿ ಮಾತ್ರ ಉಳಿಯಿತು. ಅದರಲ್ಲಿ ಹಾಡಿದೆ, ಆ ಎರಡು ಮೆಲುಪೆಟ್ಟುಗಳು ಇಲ್ಲ. ಮರುವರ್ಷ ಅವರಿಗೆ ಅಷ್ಟು ಹೊತ್ತು ಹಾಡಲು ಉಸಿರು ಸಾಲಲಿಲ್ಲ.

ಮುಂದಿನ ಸಲಕ್ಕೆ ಇನ್ನೆರಡು ಮಾತು. ಫೋನಿನ ರೆಕಾರ್ಡರಿನಲ್ಲಿ ಗದ್ದಲ ತಗ್ಗಿಸುವ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ, ಅದು ದುಡಿಯನ್ನೂ ಗದ್ದಲವೆಂದೇ ತಿಳಿಯುತ್ತದೆ. ಐನ್‌ಮನೆಯ (ಒಕ್ಕದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಹಾಡಿದರೆ ಚೆಂದ, ಆದರೆ ಬರಿಗೋಡೆ, ಬರಿನೆಲದಿಂದ ದನಿ ಪುಟಿಯುತ್ತದೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಹಿಂದಿರುಗಿ ಬಂದರೆ ಕಂಬಳಿ, ಚಾಪೆ ಹಾಸಿ, ಫೋನನ್ನು ಮಡಚಿದ ಬಟ್ಟೆಯ ಮೇಲೆ ಹಾಡುವವರಿಂದ ಒಂದು ಮಾರು ದೂರದಲ್ಲಿಡಿ. ಇನ್ನೂ ಹತ್ತಿರವಾದರೆ ದುಡಿಯ ಪೆಟ್ಟಿಗೆ ದನಿ ಒಡೆಯುತ್ತದೆ.

ಹಂಚಿದರೆ ಹಕ್ಕಿನ ತೊಡಕು ಬಂದೀತೇ ಎಂದು ಬಹಳ ಮಂದಿ ಕೇಳುತ್ತಾರೆ. ಪರಂಪರೆಯ ಪಾಟ್‌ಗೆ (ಹಾಡಿಗೆ) ಒಬ್ಬ ಒಡೆಯನಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಇಂಥ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದ್ದರಿಂದ ಎಷ್ಟೋ ಸಾಲುಗಳು ಇಂದಿಗೂ ಇವೆ. ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ, 1957ರ ಕೃತಿಸ್ವಾಮ್ಯ ಕಾಯಿದೆ ಅದನ್ನು ಒಪ್ಪುತ್ತದೆ. ಅಜ್ಜನನ್ನೂ ಉಳಿದ ಮೂವರನ್ನೂ ಒಮ್ಮೆ ಕೇಳಿ, ಯಾವುದನ್ನು ಹೊರಗೆ ಬಿಡಬಹುದು, ಯಾವುದು ಮನೆಯೊಳಗೇ ಇರಬೇಕು ಎಂದು ಅವರೇ ಹೇಳಲಿ.

ಹಾಗೆ ಕೇಳುವಾಗಲೇ ನಾಲ್ವರ ಹೆಸರು, ಊರು, ತಾರೀಖು ಬರೆದುಕೊಂಡು ಫೈಲಿಗೆ ಅದನ್ನೇ ಹೆಸರಾಗಿ ಇಡಿ. ಈಗ ನಿಮ್ಮ ಫೋನಿನಲ್ಲಿ ಅದು ಬರೀ ಅಂಕಿಗಳ ಸಾಲಾಗಿ ಇರುತ್ತದೆ.